ವಾಲಿದ ಚೌಕಟ್ಟು

ಕ್ಯಾಮೆರಾವನ್ನು ಬೇಕೆಂದೇ ಒಂದು ಪಕ್ಕಕ್ಕೆ ವಾಲಿಸಿ ಚಿತ್ರೀಕರಿಸುವ ಪದ್ಧತಿಗೆ ಚಲನಚಿತ್ರರಂಗದಲ್ಲಿ 'ಡಚ್ ಆಂಗಲ್' ಎಂದು ಹೆಸರು. ಹಾಲೆಂಡಿಗೂ ಇದಕ್ಕೂ ನಂಟಿಲ್ಲ. ಜರ್ಮನ್ ಎಂಬರ್ಥದ 'ಡಾಯ್ಚ್' ಪದವೇ ಹೀಗೆ ಮಾರ್ಪಟ್ಟಿತೆನ್ನುತ್ತಾರೆ. 1920ರ 'ಕ್ಯಾಲಿಗರಿ' ಎಂಬ ಜರ್ಮನ್ ಚಿತ್ರದಲ್ಲಿ ಮನಸ್ಸಿನ ಕ್ಷೋಭೆಯನ್ನು ತೋರಿಸಲು ಗೋಡೆ, ಬೀದಿಗಳನ್ನೇ ಓರೆಯಾಗಿ ನಿರ್ಮಿಸಿದ್ದರು.

ಈ ತಂತ್ರವು ಕತೆಯ ಒಳಗಿನಿಂದಲೇ ಹುಟ್ಟಿಬಂದಂತೆ ನನಗೆ ತೋರಿದ್ದು ಕ್ಯಾರಲ್ ರೀಡ್ ನಿರ್ದೇಶಿಸಿದ 'ದ ಥರ್ಡ್ ಮ್ಯಾನ್' (1949) ಚಿತ್ರದಲ್ಲಿ. ಮಹಾಯುದ್ಧದ ಬಳಿಕ ನಾಲ್ಕು ರಾಷ್ಟ್ರಗಳು ಹಂಚಿಕೊಂಡಿದ್ದ ವಿಯೆನ್ನಾ ನಗರಕ್ಕೆ ಹಾಲಿ ಮಾರ್ಟಿನ್ಸ್ ಎಂಬ ಅಮೆರಿಕನ್ ಲೇಖಕನು ಗೆಳೆಯ ಹ್ಯಾರಿ ಲೈಮನನ್ನು ಕಾಣಲು ಬರುತ್ತಾನೆ. ಗೆಳೆಯ ಸತ್ತನೆಂಬ ಸುದ್ದಿ ಕಾದಿರುತ್ತದೆ. ಅಲ್ಲಿಯ ಭಾಷೆ ಬಾರದು. ಒಬ್ಬರ ಮಾತಿಗೂ ಮತ್ತೊಬ್ಬರ ಮಾತಿಗೂ ತಾಳೆಯಿಲ್ಲ. ಆಗ ಬಾಗಿಲು, ಮೆಟ್ಟಿಲು, ನೆರೆಯವರ ಮುಖಗಳೆಲ್ಲ ವಾಲತೊಡಗುತ್ತವೆ. ಕಟ್ಟಡಗಳು ನೆಟ್ಟಗೇ ನಿಂತಿವೆ, ಕಾಲೂರಿ ನಿಲ್ಲಲಾಗದವನು ಮಾರ್ಟಿನ್ಸ್. ತಾನು ನಂಬಿದ ಗೆಳೆಯನೇ ಕಲಬೆರಕೆ ಪೆನಿಸಿಲಿನ್ ಮಾರಿ ಮಕ್ಕಳನ್ನು ಬಲಿಗೊಟ್ಟವನೆಂದು ತಿಳಿಯಬೇಕಾದವನ ಕಣ್ಣಿನಿಂದ ನಾವೂ ನೋಡುತ್ತೇವೆ. ಆಸ್ಪತ್ರೆಯಲ್ಲಿ ಆ ಮಕ್ಕಳ ಮುಖವನ್ನು ರೀಡ್ ತೋರಿಸುವುದೇ ಇಲ್ಲ. ಛಾಯಾಗ್ರಾಹಕ ರಾಬರ್ಟ್ ಕ್ರಾಸ್ಕರ್ ಅವರಿಗೆ ಈ ಚಿತ್ರಕ್ಕಾಗಿ ಆಸ್ಕರ್ ಪ್ರಶಸ್ತಿ ಸಂದಿತು.

ಆದರೂ ರೀಡ್ ಕೆಲವೆಡೆ ಮಿತಿ ಮೀರಿದ್ದಾರೆ. ನಿರ್ದೇಶಕ ವಿಲಿಯಂ ವೈಲರ್ ಅವರಿಗೆ ರಸಮಟ್ಟವೊಂದನ್ನು ಕಳುಹಿಸಿ, ಮುಂದಿನ ಬಾರಿ ಇದನ್ನು ಕ್ಯಾಮೆರಾದ ಮೇಲೆ ಇಟ್ಟುಕೊಳ್ಳಿರೆಂದು ಛೇಡಿಸಿದ ಪ್ರಸಂಗ ಪ್ರಸಿದ್ಧವಾಗಿದೆ.

ಆ ರಸಮಟ್ಟದ ನಿಜವಾದ ಅಗತ್ಯವಿದ್ದುದು ರೋಜರ್ ಕ್ರಿಶ್ಚಿಯನ್ ನಿರ್ದೇಶಿಸಿದ 'ಬ್ಯಾಟಲ್‌ಫೀಲ್ಡ್ ಅರ್ತ್' (2000) ಚಿತ್ರಕ್ಕೆ. ಅಲ್ಲಿ ಹೆಚ್ಚುಕಡಿಮೆ ಪ್ರತಿಯೊಂದು ದೃಶ್ಯವೂ ಓರೆ. ಸುಮ್ಮನೆ ನಡೆದುಹೋಗುವವನೂ ಓರೆ, ಕುಳಿತು ಮಾತನಾಡುವವನೂ ಓರೆ. ಹತ್ತು ನಿಮಿಷದಲ್ಲಿ ಕಣ್ಣು ಅದಕ್ಕೆ ಒಗ್ಗಿಹೋಗುತ್ತದೆ. ಭಯಪಡಬೇಕಾದ ಘಳಿಗೆ ಬಂದಾಗ ಅದನ್ನು ಹೇಳಲು ಕ್ಯಾಮೆರಾದ ಬಳಿ ಏನೂ ಉಳಿದಿರುವುದಿಲ್ಲ. (ಮದುವೆಯ ವಿಡಿಯೊಗಳಲ್ಲಿ ನಗುನಗುತ್ತಿರುವ ವಧೂವರರನ್ನು ವಾಲಿಸುವವರು ಯಾವ ಅಪಾಯವನ್ನು ಸೂಚಿಸುತ್ತಿದ್ದಾರೋ ತಿಳಿಯದು!) ನೇರವಾದದ್ದೇ ಇಲ್ಲದ ಕಡೆ ಓರೆಗೆ ಅರ್ಥವೆಲ್ಲಿಯದು?

ರೀಡ್‌ಗೆ ಇದು ತಿಳಿದಿತ್ತು. ಅವರ ಚಿತ್ರದ ಕಡೆಯ ದೃಶ್ಯ ಸ್ಮಶಾನದ ಸಾಲುಮರಗಳ ನಡುವಿನ ನೀಳವಾದ ಹಾದಿ. ಅಷ್ಟರಲ್ಲಿ ಲೈಮನ ನಿಜವೆಲ್ಲ ಬಯಲಾಗಿದೆ. ಕ್ಯಾಮೆರಾ ಅಲುಗದು, ವಾಲದು. ಲೈಮನನ್ನು ಪ್ರೀತಿಸಿದ್ದ ಆನಾ ದೂರದಿಂದ ನಡೆದು ಬರುತ್ತಾಳೆ. ಮಾರ್ಟಿನ್ಸ್ ಕಾದು ನಿಂತಿದ್ದಾನೆ. ಆಕೆ ಅವನತ್ತ ಕಣ್ಣೆತ್ತಿಯೂ ನೋಡದೆ ಹಾದುಹೋಗುತ್ತಾಳೆ.