ಮುಕ್ತ ರ‍್ಯಾಡಿಕಲ್: ಖಳನಾಯಕನ ಪಟ್ಟ ಸರಿಯೇ?

‘ಮುಕ್ತ ರ‍್ಯಾಡಿಕಲ್‌ಗಳು ದೇಹದ ಶತ್ರುಗಳು, ಆಂಟಿಆಕ್ಸಿಡೆಂಟ್‌ಗಳು ಅವನ್ನು ಕೊಲ್ಲುವ ಸೈನಿಕರು.’ ಆರೋಗ್ಯ ಅಂಕಣಗಳಲ್ಲಿ, ವಿದ್ಯಾರ್ಥಿಗಳ ಸೆಮಿನಾರುಗಳಲ್ಲಿ ಈ ಮಾತನ್ನು ನೀವು ಕೇಳಿಯೇ ಇರುತ್ತೀರಿ. ಉಡುಪಿಯ ಪಕ್ಕದ ಸಂತೆಕಟ್ಟೆಯಂಥ ಪುಟ್ಟ ಪೇಟೆಯ ಔಷಧಿ ಅಂಗಡಿಗೂ ಇದು ಮಾತ್ರೆ ಡಬ್ಬಗಳ ಮೇಲೇರಿ ಬಂದಿದೆ. ಕಥೆ ಸರಳ, ನೆನಪಿಡಲು ಸುಲಭ. ಆದರೆ ಅದು ಅರ್ಧ ಸತ್ಯ. ಆ ಅರ್ಧ ಸತ್ಯದಿಂದ ರೋಗಿಗೆ ಹಾನಿಯೂ ಆಗಬಹುದು ಎಂಬುದೇ ಈ ಲೇಖನದ ತಕರಾರು.

ಮೊದಲು ವ್ಯಾಖ್ಯೆಯನ್ನು ನೋಡೋಣ. ಜೋಡಿಯಿಲ್ಲದ ಎಲೆಕ್ಟ್ರಾನು ಇರುವ ಪರಮಾಣು ಅಥವಾ ಅಣುವೇ ಮುಕ್ತ ರ‍್ಯಾಡಿಕಲ್. 1900ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಮೋಸೆಸ್ ಗೊಂಬರ್ಗ್ ಇಂಥ ಒಂದು ಸಾವಯವ ರ‍್ಯಾಡಿಕಲ್ಲನ್ನು ಮೊದಲು ಗುರುತಿಸಿದರು. ಈ ವ್ಯಾಖ್ಯೆಯಲ್ಲಿ ಒಳ್ಳೆಯದು, ಕೆಟ್ಟದು ಎಂಬ ಮಾತೇ ಇಲ್ಲ. ನಾವು ಉಸಿರಾಡುವ ಆಕ್ಸಿಜನ್ ಅಣುವಿನಲ್ಲೂ ಜೋಡಿಯಿಲ್ಲದ ಎರಡು ಎಲೆಕ್ಟ್ರಾನುಗಳಿವೆ! ದ್ರವ ಆಕ್ಸಿಜನ್ ಪ್ರಬಲ ಅಯಸ್ಕಾಂತದ ಧ್ರುವಗಳ ನಡುವೆ ನೇತಾಡುವುದು ಇದರಿಂದಲೇ. ರಕ್ತನಾಳಗಳನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್ ಕೂಡ ಒಂದು ರ‍್ಯಾಡಿಕಲ್. ಅದರ ಪಾತ್ರವನ್ನು ಕಂಡುಹಿಡಿದವರಿಗೆ 1998ರ ನೊಬೆಲ್ ಬಹುಮಾನ ಸಂದಿತು. ನಮ್ಮ ಬಿಳಿ ರಕ್ತಕಣಗಳು ಬ್ಯಾಕ್ಟೀರಿಯಗಳನ್ನು ಕೊಲ್ಲಲು ಸೂಪರಾಕ್ಸೈಡ್ ಎಂಬ ರ‍್ಯಾಡಿಕಲ್ಲನ್ನು ತಾವೇ ತಯಾರಿಸುತ್ತವೆ. ಹುಟ್ಟಿನಿಂದಲೇ ಈ ಶಕ್ತಿ ಇಲ್ಲದ ಮಕ್ಕಳನ್ನು ಸೋಂಕುಗಳು ಮತ್ತೆ ಮತ್ತೆ ಕಾಡುತ್ತವೆ.

ಹಾಗಾದರೆ ಹಾನಿಯೇ ಇಲ್ಲವೆ? ಇದೆ. ಕರಾವಳಿಯ ಅಡುಗೆಮನೆಯಲ್ಲೇ ಅದನ್ನು ಕಾಣಬಹುದು. ಬೂತಾಯಿ ಮೀನಿನ ಎಣ್ಣೆ ಬೇಗ ಕಮಟಾಗುತ್ತದೆ. ತೆಂಗಿನೆಣ್ಣೆ ಬಹುಕಾಲ ಕೆಡುವುದಿಲ್ಲ. ಮೀನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ದ್ವಿಬಂಧಗಳು ಹೆಚ್ಚು. ಅವುಗಳ ಪಕ್ಕದ ಹೈಡ್ರೊಜನ್ನನ್ನು ರ‍್ಯಾಡಿಕಲ್ ಸುಲಭವಾಗಿ ಕೀಳುತ್ತದೆ. ಉಳಿದ ಭಾಗ ತಾನೇ ರ‍್ಯಾಡಿಕಲ್ ಆಗಿ, ಆಕ್ಸಿಜನ್ನನ್ನು ಸೇರಿಸಿಕೊಂಡು, ಪಕ್ಕದ ಅಣುವಿನ ಹೈಡ್ರೊಜನ್ನಿಗೆ ಕೈ ಹಾಕುತ್ತದೆ. ಹೀಗೆ ಸರಪಳಿ ಕ್ರಿಯೆ ಸಾಗುತ್ತದೆ. ನಮ್ಮ ಜೀವಕೋಶಗಳ ಪೊರೆಯಲ್ಲೂ ಇದು ನಡೆಯಬಲ್ಲದು. ವಿಟಮಿನ್ ಇ ತನ್ನದೊಂದು ಹೈಡ್ರೊಜನ್ನನ್ನು ಕೊಟ್ಟು ಸರಪಳಿಯನ್ನು ಕಡಿಯುತ್ತದೆ. ಆಗ ಅದೂ ರ‍್ಯಾಡಿಕಲ್ಲೇ ಆಗುತ್ತದೆ, ಆದರೆ ಚುರುಕಿಲ್ಲದ ರ‍್ಯಾಡಿಕಲ್! ‘ಸೈನಿಕ’ ಮತ್ತು ‘ಶತ್ರು’ ಎಂಬ ಗಡಿ ಇಲ್ಲಿಯೇ ಅಳಿಸಿಹೋಗುತ್ತದೆ.

ಸಂತೆಕಟ್ಟೆಯಿಂದ ಕೆಲವೇ ಕಿಲೋಮೀಟರು ದೂರದ ಮಣಿಪಾಲದಲ್ಲಿ ಇದೇ ವಿಷಯದ ಮೇಲೆ ಒಳ್ಳೆಯ ಸಂಶೋಧನೆ ನಡೆದಿದೆ. ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ವಿಕಿರಣ ಜೀವವಿಜ್ಞಾನ ವಿಭಾಗದಲ್ಲಿ ಪಿ. ಉಮಾದೇವಿ ಮತ್ತು ಸಂಗಡಿಗರು 1990ರ ದಶಕದಲ್ಲಿ ತುಳಸಿ ಎಲೆಯ ಸಾರವನ್ನು, ಅದರಿಂದ ಬೇರ್ಪಡಿಸಿದ ಓರಿಯೆಂಟಿನ್ ಮತ್ತು ವೈಸಿನಿನ್ ಎಂಬ ಫ್ಲೇವನಾಯ್ಡುಗಳನ್ನು ಪರೀಕ್ಷಿಸಿದರು. ವಿಕಿರಣಕ್ಕೆ ಮೊದಲು ಇವುಗಳ ಚುಚ್ಚುಮದ್ದು ಪಡೆದ ಇಲಿಗಳಲ್ಲಿ ಹೆಚ್ಚಿನವು ಬದುಕಿ ಉಳಿದವು. ಗಾಮಾ ಕಿರಣ ಕೋಶದೊಳಗಿನ ನೀರಿನ ಅಣುವನ್ನು ಒಡೆದಾಗ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಹುಟ್ಟುತ್ತದೆ. ಈ ಫ್ಲೇವನಾಯ್ಡುಗಳು ಅದನ್ನು ಹಿಡಿದುಹಾಕುವುದು ರಕ್ಷಣೆಗೆ ಒಂದು ಕಾರಣ ಎಂಬುದು ಅವರ ವಿವರಣೆ.

ಸಂಶೋಧನೆಯ ಬಗ್ಗೆ ನನ್ನ ಆಕ್ಷೇಪವಿಲ್ಲ. ಆಕ್ಷೇಪ ಇರುವುದು ಇಂಥ ಫಲಿತಾಂಶಗಳಿಂದ ‘ಆದ್ದರಿಂದ ಕಷಾಯ ಕುಡಿದರೆ ಕ್ಯಾನ್ಸರ್ ಬಾರದು’ ಎಂದು ಹಾರುವ ಬರಹಗಳ ಬಗ್ಗೆ. ಪ್ರಯೋಗದಲ್ಲಿದ್ದುದು ಇಲಿ, ಮನುಷ್ಯನಲ್ಲ, ಚುಚ್ಚುಮದ್ದು, ಲೋಟವಲ್ಲ, ವಿಕಿರಣಕ್ಕೆ ಮೊದಲಿನ ನಿಗದಿತ ವೇಳೆ, ದಿನನಿತ್ಯದ ಸೇವನೆಯಲ್ಲ.

ಇನ್ನೂ ಮುಖ್ಯವಾದ ಮಾತೊಂದಿದೆ. ವಿಕಿರಣ ಚಿಕಿತ್ಸೆಯಲ್ಲಿ ಗಡ್ಡೆಯ ಡಿಎನ್‌ಎಯನ್ನು ಕಡಿಯುವ ಆಯುಧಗಳಲ್ಲಿ ಅದೇ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಪ್ರಮುಖವಾದುದು. ರೋಗಿ ‘ಶಕ್ತಿಗೆ’ ಎಂದು ಆಂಟಿಆಕ್ಸಿಡೆಂಟ್ ಮಾತ್ರೆ ನುಂಗಿದರೆ ಅದು ಯಾರನ್ನು ರಕ್ಷಿಸುತ್ತದೆ? ಆರೋಗ್ಯವಂತ ಕೋಶವನ್ನೋ, ಗಡ್ಡೆಯನ್ನೋ? ಕೆನಡದ ಕ್ವಿಬೆಕ್‌ನಲ್ಲಿ ತಲೆ-ಕತ್ತಿನ ಕ್ಯಾನ್ಸರ್ ಇದ್ದ 540 ರೋಗಿಗಳ ಮೇಲೆ ನಡೆದ, 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ವಿಟಮಿನ್ ಇ ಮತ್ತು ಬೀಟಾ ಕ್ಯಾರೊಟಿನ್ ಪಡೆದವರಿಗೆ ತೀವ್ರ ಅಡ್ಡಪರಿಣಾಮ ಕಡಿಮೆಯಾಯಿತು. ಆದರೆ ಗಡ್ಡೆ ಅದೇ ಜಾಗದಲ್ಲಿ ಮರುಕಳಿಸುವ ಪ್ರಮಾಣ ಹೆಚ್ಚುವ ಸೂಚನೆಯೂ ಕಂಡಿತು. ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಅದು ಖಚಿತವಲ್ಲದಿದ್ದರೂ ಎಚ್ಚರಿಕೆಗೆ ಸಾಕು. ಇದಕ್ಕೂ ಮೊದಲು, 1994ರಲ್ಲಿ, ಫಿನ್ಲೆಂಡಿನ 29,133 ಧೂಮಪಾನಿ ಪುರುಷರ ಅಧ್ಯಯನದ ಫಲಿತಾಂಶ ಹೊರಬಿದ್ದಿತ್ತು. ಬೀಟಾ ಕ್ಯಾರೊಟಿನ್ ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆಯಾಗುವ ಬದಲು ಶೇಕಡ 18ರಷ್ಟು ಹೆಚ್ಚಿತ್ತು!

ಹಾಗೆಂದು ತುಳಸಿ, ಸೊಪ್ಪು, ಹಣ್ಣುಗಳನ್ನು ಬಿಡಬೇಕಿಲ್ಲ. ಅವು ಒಳ್ಳೆಯ ಆಹಾರ. ಆ ಒಳ್ಳೆಯತನವನ್ನೆಲ್ಲ ಒಂದೇ ಗುಣಕ್ಕೆ ಕಟ್ಟಿ, ಮಾತ್ರೆಯಾಗಿಸಿ ಮಾರುವುದು ಮಾತ್ರ ತಪ್ಪು. ಚಿಕಿತ್ಸೆಯಲ್ಲಿರುವವರು ವೈದ್ಯರಿಗೆ ತಿಳಿಸದೆ ಇಂಥ ಮಾತ್ರೆ ತೆಗೆದುಕೊಳ್ಳಬಾರದು.

ಶಿಕ್ಷಕ ಮಿತ್ರರಲ್ಲಿ ಒಂದು ವಿನಂತಿ. ರ‍್ಯಾಡಿಕಲ್ ಪಾಠ ಮಾಡುವಾಗ ‘ಒಳ್ಳೆಯದೋ ಕೆಟ್ಟದ್ದೋ’ ಎಂದು ಕೇಳಬೇಡಿ. ‘ಯಾವ ರ‍್ಯಾಡಿಕಲ್? ಎಲ್ಲಿ? ಎಷ್ಟು? ಎಷ್ಟು ಹೊತ್ತು?’ ಎಂದು ಕೇಳಿ. ಈ ನಾಲ್ಕು ಪ್ರಶ್ನೆ ಕಲಿತ ವಿದ್ಯಾರ್ಥಿ ಡಬ್ಬದ ಮೇಲಿನ ಬರಹವನ್ನೂ ಪರೀಕ್ಷಿಸಿಯೇ ಓದುತ್ತಾನೆ.