ವಚನಗಳಲ್ಲಿ ಆಹಾರನಿಯಮದ ಕಾರಣವಿಚಾರ

ವೀರಶೈವ ಮನೆತನಗಳಲ್ಲಿ ಮಾಂಸಾಹಾರವೇಕೆ ವರ್ಜ್ಯವೆಂದು ಎಳೆಯರು ಕೇಳಿದರೆ ಹಿರಿಯರಿಂದ ದೊರೆಯುವ ಉತ್ತರ ಬಹುಮಟ್ಟಿಗೆ ಒಂದೇ: ನಮ್ಮವರು ಉಣ್ಣುವುದಿಲ್ಲ. ಇದು ವಾಡಿಕೆಯ ನಿವೇದನೆಯೇ ಹೊರತು ಕಾರಣವಲ್ಲ. ಹನ್ನೆರಡನೆಯ ಶತಮಾನದ ಶರಣರು ಈ ಉತ್ತರವನ್ನು ಕೊಡುವಂತಿರಲಿಲ್ಲ ಎಂಬುದನ್ನು ಮೊದಲು ನೆನೆಯಬೇಕು. ಕಲ್ಯಾಣದಲ್ಲಿ 'ನಮ್ಮವರು' ಎಂಬುದೇ ಆಗ ಹೊಸದಾಗಿ ರೂಪುಗೊಳ್ಳುತ್ತಿತ್ತು. ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಬ್ರಾಹ್ಮಣ ಮನೆತನದಿಂದ ಬಂದ ಬಸವಣ್ಣನವರು, ಇವರ ತಂದೆ ತಾತಂದಿರು ಒಂದೇ ಪಂಕ್ತಿಯಲ್ಲಿ ಕುಳಿತವರಲ್ಲ. ಹುಟ್ಟಿದ ಮನೆಯ ಊಟವನ್ನು ಪ್ರಮಾಣವಾಗಿ ಹಿಡಿಯಲಾಗದ ಸಮುದಾಯವು ಉಣ್ಣುವುದೇನು, ಬಿಡುವುದೇನು ಎಂಬುದನ್ನು ತಾನೇ ಆಯ್ದುಕೊಳ್ಳಬೇಕಾಯಿತು. ಆಯ್ಕೆಗೆ ಕಾರಣವೂ ಬೇಕಾಯಿತು. ಆ ಕಾರಣಗಳು ವಚನಗಳಲ್ಲಿ ಒಂದೇ ಬಗೆಯವಲ್ಲ. ಅವನ್ನೆಲ್ಲ ಸಸ್ಯಾಹಾರದ ಹಿರಿಮೆ ಎಂಬ ಒಂದೇ ಚೀಲಕ್ಕೆ ತುಂಬುವ ರೂಢಿಯಿಂದ ವಚನಾರ್ಥಕ್ಕೂ ಆಚರಣೆಗೂ ಹಾನಿಯಾಗಿದೆ.

ಬಸವಣ್ಣನವರ ಎರಡು ವಚನಗಳನ್ನು ಜೊತೆಯಲ್ಲಿಟ್ಟು ಓದಬೇಕು. ಒಂದರಲ್ಲಿ ಹಬ್ಬದ ಬಲಿಗೆಂದು ತಂದ ಕುರಿಯು ತೋರಣದ ಎಲೆಯನ್ನೇ ಮೇಯುತ್ತದೆ. ಇನ್ನೊಂದರಲ್ಲಿ ಯಜ್ಞಕ್ಕೆಂದು ಕಟ್ಟಿದ ಹೋತವನ್ನು ಕುರಿತು, ನಿನ್ನನ್ನು ಕೊಲ್ಲುವ ವೇದಪಾಠಕರೆದುರಿನಲ್ಲೇ ಅಳು ಎಂದು ಹೇಳಲಾಗಿದೆ. ಇವೆರಡರಲ್ಲಿಯೂ ಮಾಂಸದ ಶುದ್ಧಾಶುದ್ಧಗಳ ಪ್ರಸ್ತಾಪವೇ ಇಲ್ಲ. ಕವಿಯ ಕಣ್ಣು ನೆಟ್ಟಿರುವುದು ಕುರಿಯ ಹಸಿವಿನ ಮೇಲೆ. ತನ್ನ ಸಾವಿಗಾಗಿ ಸಿಂಗರಿಸಿದ ಎಲೆಯನ್ನು ಮೇವೆಂದೇ ಬಗೆದ ಆ ಪ್ರಾಣಿಯ ಅರಿಯದ ನೆಮ್ಮದಿಯು ಓದುವವನ ಕರುಳನ್ನು ಹಿಂಡುತ್ತದೆ. ಕೊಂದವರೂ ಶಾಶ್ವತರಲ್ಲವೆಂಬ ಮುಕ್ತಾಯವು ಕೊಲ್ಲುವವನನ್ನೂ ಕುರಿಯನ್ನೂ ಒಂದೇ ಸಾವಿನ ನೆರಳಿನಲ್ಲಿ ನಿಲ್ಲಿಸುತ್ತದೆ. ಉಣ್ಣುವವನಿಗೆ ಇದರಿಂದೇನು ಲಾಭವೆಂಬ ಲೆಕ್ಕ ಇಲ್ಲಿಲ್ಲ.

ಇದೇ ನಾಡಿನ ಇನ್ನೊಂದು ಕೃತಿಯೊಡನೆ ಹೋಲಿಸಿದರೆ ಈ ಅಂಶವು ಸ್ಪಷ್ಟವಾಗುತ್ತದೆ. ಜನ್ನನ 'ಯಶೋಧರ ಚರಿತೆ' ರಚಿತವಾದುದು 1209ರಲ್ಲಿ. ಜೀವಬಲಿಗೊಪ್ಪದ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯನ್ನು ಬಲಿಗೊಡುತ್ತಾನೆ. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳಿಬ್ಬರೂ ಪ್ರಾಣಿಜನ್ಮಗಳಲ್ಲಿ ತೊಳಲುತ್ತಾರೆ. ಹಿಂಸೆಯು ಕೈಯಲ್ಲಿಲ್ಲ, ಬಗೆಯಲ್ಲಿದೆ ಎಂಬ ಈ ಜೈನದರ್ಶನ ಬಲು ಸೂಕ್ಷ್ಮವಾದುದು. ಆದರೆ ಅಲ್ಲಿ ಚಿಂತೆಯು ಮರಳಿ ಮರಳಿ ಕೊಂದವನ ಆತ್ಮದ ಗತಿಯ ಕಡೆಗೇ ಹೊರಳುತ್ತದೆ. ಬಸವಣ್ಣನವರ ವಚನದಲ್ಲಿ ನೋಟವು ಕುರಿಯನ್ನು ಬಿಟ್ಟು ಕದಲುವುದಿಲ್ಲ. ಎರಡೂ ದಯೆಯೇ, ಒಂದು ತನ್ನನ್ನು ಕಾಯ್ದುಕೊಳ್ಳುವ ದಯೆ, ಇನ್ನೊಂದು ತನ್ನನ್ನು ಮರೆತ ದಯೆ.

ಮಾಂಸವು ಸ್ವಭಾವತಃ ಹೊಲಸು, ಆದುದರಿಂದ ವರ್ಜ್ಯ ಎಂಬ ವಾದವು ಕಣ್ಣಪ್ಪನ ಮುಂದೆ ನಿಲ್ಲಲಾರದು. ಕಾಳಹಸ್ತಿಯ ಶಿವನಿಗೆ ಬೇಟೆಯ ಮಾಂಸವನ್ನು ಬಾಯಿಂದ ರುಚಿನೋಡಿ ಆಯ್ದು ಕೊಟ್ಟ ಈ ಬೇಡನು ಅರುವತ್ತುಮೂವರು ಪುರಾತನರಲ್ಲಿ ಒಬ್ಬ. ಹರಿಹರನು ಅವನನ್ನು ಕುರಿತು ರಗಳೆಯನ್ನೇ ಬರೆದನು. ಕೆಲವು ವ್ಯಾಖ್ಯಾನಕಾರರು ಇದೊಂದು ಅಪವಾದವೆಂದು ಅವಸರದಿಂದ ಮುಂದೆ ಸಾಗುತ್ತಾರೆ. ಕಥೆಯ ಗತಿಯನ್ನು ನೋಡಿದರೆ ಅವಸರಕ್ಕೆ ಕಾರಣವಿಲ್ಲ. ಬೇಟೆಯ ಮಾಂಸದಿಂದ ಮೊದಲಾದ ಅರ್ಪಣೆಯು ಅವನ ಸ್ವಂತ ಕಣ್ಣಿನಲ್ಲಿ ಮುಗಿಯುತ್ತದೆ. ಪರರ ದೇಹವನ್ನು ಇರಿದ ಬಾಣವು ಕೊನೆಗೆ ತನ್ನ ಮುಖಕ್ಕೇ ತಿರುಗುತ್ತದೆ. ಇಲ್ಲಿ ತೂಕವಿರುವುದು ಪದಾರ್ಥಕ್ಕಲ್ಲ, ಕೊಡುವ ಬಗೆಗೆ.

ಶರಣರ ಪ್ರಸಾದತತ್ತ್ವದ ತಿರುಳೂ ಇದೇ. ಷಟ್‌ಸ್ಥಲಗಳಲ್ಲಿ ಪ್ರಸಾದಿಸ್ಥಲಕ್ಕೆ ಮೂರನೆಯ ಸ್ಥಾನವುಂಟು. ಲಿಂಗಕ್ಕೆ ಅರ್ಪಿತವಾಗದುದನ್ನು ಭಕ್ತನು ಸ್ವೀಕರಿಸಲಾಗದು. ಅರ್ಪಿತವಾದುದು ಪದಾರ್ಥತ್ವವನ್ನು ಕಳೆದುಕೊಂಡು ಪ್ರಸಾದವಾಗುತ್ತದೆ. ಹಾಗಾದರೆ ಮಾಂಸವನ್ನೂ ಅರ್ಪಿಸಬಹುದಲ್ಲವೇ ಎಂಬ ಆಕ್ಷೇಪಕ್ಕೆ ಬಸವಣ್ಣನವರ ಕುರಿಯೇ ಉತ್ತರ. ಸಕಲ ಪ್ರಾಣಿಗಳಲ್ಲಿ ನೆಲಸಿದವನಿಗೆ ಆ ಪ್ರಾಣಿಯನ್ನೇ ಕೊಂದು ಒಪ್ಪಿಸುವುದು ಅವನದನ್ನು ಅವನಿಂದ ಕಸಿದು ಕೊಟ್ಟಂತೆ. ದಯೆಯೂ ಅರ್ಪಣೆಯೂ ಇಲ್ಲಿ ಒಂದನ್ನೊಂದು ಕೂಡುತ್ತವೆ, ಮಡಿಮೈಲಿಗೆಗೆ ಎಡೆಯಿಲ್ಲ.

ಮೂರನೆಯ ಕಾರಣವು ವ್ರತ. ಇದರ ಪ್ರತಿನಿಧಿ ಅಕ್ಕಮ್ಮ. ದೊರೆತಿರುವ ಆಕೆಯ 150ಕ್ಕೂ ಹೆಚ್ಚು ವಚನಗಳಲ್ಲಿ ವ್ರತ, ಶೀಲ, ನೇಮಗಳ ವಿಚಾರವೇ ಪ್ರಧಾನವಾದುದು. ಇನ್ನೊಂದು ಕಡೆ ಅಲ್ಲಮಪ್ರಭುದೇವರು ಇಂಥ ನೇಮಗಳನ್ನು ಗೇಲಿಮಾಡಿದ್ದಾರೆ: ಹಾಲನ್ನೇ ನೆಚ್ಚಿದ ನೇಮಸ್ಥನಿಗೆ ಬೆಕ್ಕಿನ ಜನ್ಮವನ್ನೂ ಕಡಲೆಯನ್ನು ನೆಚ್ಚಿದವನಿಗೆ ಕುದುರೆಯ ಜನ್ಮವನ್ನೂ ವಿಧಿಸುವ ವಚನವು ಪ್ರಸಿದ್ಧವಾದುದು. ಈ ಗೇಲಿಯನ್ನು ಹಿಡಿದು ಅಕ್ಕಮ್ಮನನ್ನು ಬರಿಯ ಆಚಾರನಿಷ್ಠೆಯ ಸಂಕುಚಿತ ವಚನಕಾರ್ತಿಯೆಂದು ಬದಿಗೊತ್ತುವುದು ವಿಮರ್ಶೆಯ ಆತುರ. ಆಕೆಯ ಅಂಕಿತವನ್ನೇ ನೋಡಬೇಕು. ರಾಮೇಶ್ವರಲಿಂಗವೆಂದಷ್ಟೇ ಹೇಳದೆ, ಆಚಾರವನ್ನೇ ಪ್ರಾಣವಾಗುಳ್ಳ ರಾಮೇಶ್ವರಲಿಂಗವೆಂದು ಹೇಳುವಾಗ ನಿಯಮವು ಭಕ್ತಳಿಗೆ ಮಾತ್ರವಲ್ಲ, ದೇವರಿಗೂ ಉಸಿರಾಗುತ್ತದೆ. ಅಲ್ಲಮರು ನಗುವುದು ಉಸಿರಿಲ್ಲದ ನೇಮವನ್ನು ಕಂಡು. ಅವರಿಬ್ಬರೂ ಎದುರುಬದುರಾಗಿ ನಿಂತಂತೆ ತೋರಿದರೂ ನೋಡುತ್ತಿರುವುದು ಒಂದೇ ಬಿರುಕನ್ನು.

ವ್ರತದ ಅಕ್ಷರಕ್ಕೂ ಅದರ ಉಸಿರಿಗೂ ನಡುವಿನ ಈ ಬಿರುಕು ಗಾಂಧೀಜಿಯವರ ಆತ್ಮಕಥೆಯಲ್ಲಿ ನಿಚ್ಚಳವಾಗಿ ಕಾಣಸಿಗುತ್ತದೆ. 1888ರಲ್ಲಿ ಇಂಗ್ಲೆಂಡಿಗೆ ಹೊರಟಾಗ ಅವರು ಮಾಂಸವನ್ನು ಮುಟ್ಟೆನೆಂದು ತಾಯಿಗೆ ಮಾತು ಕೊಟ್ಟರು. ಆಗ ಅದು ಮಾತಿಗೆ ಕಟ್ಟುಬಿದ್ದ ವರ್ಜನೆ. ಲಂಡನ್ನಿನಲ್ಲಿ ಹೆನ್ರಿ ಸಾಲ್ಟರ ಸಸ್ಯಾಹಾರ ಸಮರ್ಥನೆಯ ಪುಸ್ತಕವನ್ನು ಓದಿದ ಮೇಲೆ ಅದೇ ವರ್ಜನೆಯು ಅವರ ಸ್ವಂತ ಆಯ್ಕೆಯಾಯಿತು. ತಟ್ಟೆಯಲ್ಲಿ ಏನೂ ಬದಲಾಗಲಿಲ್ಲ, ಕಾರಣ ಬದಲಾಯಿತು. 1912ರಲ್ಲಿ ಟಾಲ್‌ಸ್ಟಾಯ್ ಫಾರಂನಲ್ಲಿ ಹಾಲನ್ನೂ ಬಿಟ್ಟರು. ಕೆಲವು ವರ್ಷಗಳ ತರುವಾಯ ಕಠಿನ ಕಾಯಿಲೆಯಲ್ಲಿ, ಪ್ರತಿಜ್ಞೆಯ ಕಾಲಕ್ಕೆ ಮನಸ್ಸಿನಲ್ಲಿದ್ದುದು ಹಸು ಎಮ್ಮೆಗಳ ಹಾಲು ಮಾತ್ರವೆಂದು ಸಮಾಧಾನ ಹೇಳಿಕೊಂಡು ಆಡಿನ ಹಾಲನ್ನು ಕುಡಿದರು. ವ್ರತದ ಅಕ್ಷರವನ್ನು ಉಳಿಸಿಕೊಂಡು ಅದರ ಆತ್ಮವನ್ನು ಕೊಂದೆನೆಂದು ತಾವೇ ಒಪ್ಪಿಕೊಂಡರು. ಅಕ್ಕಮ್ಮನ ವಚನಗಳನ್ನು ಓದುವವರಿಗೆ ಈ ಪ್ರಕರಣಕ್ಕಿಂತ ಒಳ್ಳೆಯ ಟೀಕೆ ಸಿಕ್ಕಲಾರದು.

1944ರಲ್ಲಿ ಇಂಗ್ಲೆಂಡಿನ ಡೊನಾಲ್ಡ್ ವಾಟ್ಸನ್ನರೂ ಅವರ ಸಂಗಡಿಗರೂ ಹಾಲು, ಬೆಣ್ಣೆ, ಮೊಟ್ಟೆಗಳನ್ನೂ ತೊರೆದವರಿಗಾಗಿ ಸಂಘವೊಂದನ್ನು ಕಟ್ಟಿ 'ವೀಗನ್' ಎಂಬ ಹೆಸರನ್ನು ಬಳಕೆಗೆ ತಂದರು. ಹಾಲು ತುಪ್ಪಗಳಿಲ್ಲದ ಪ್ರಸಾದವನ್ನು ಊಹಿಸಲಾಗದ ನಮ್ಮವರಿಗೆ ಇದು ವಿಪರೀತವಾಗಿ ತೋರುವುದು ಸಹಜ. ಆದರೆ ಕರುವಿನ ಪಾಲನ್ನು ಕಸಿಯಲಾರೆನೆಂದು ಹಾಲನ್ನು ಬಿಟ್ಟವನ ಕಾರಣವು, ನಮ್ಮ ಅನೇಕ ತುಪ್ಪದೂಟಗಳಿಗಿಂತ ಬಸವಣ್ಣನವರ ಕುರಿಯ ವಚನಕ್ಕೆ ಹತ್ತಿರವಾದುದೆಂಬುದನ್ನು ಮರೆಮಾಚಲಾಗದು. ಮೈಯ ಆರೋಗ್ಯಕ್ಕಾಗಿ ಬಿಡುವವರ ಮಾತು ಬೇರೆ. ಅದು ವೈದ್ಯಕ್ಕೆ ಸೇರಿದುದು.

ಇವೆಲ್ಲವನ್ನೂ ನುಂಗಿಹಾಕಿದ ನಾಲ್ಕನೆಯ ಕಾರಣವೊಂದಿದೆ, ಅದು ಕುಲ. ಬಸವಣ್ಣನವರ ಪ್ರಸಿದ್ಧ ವಚನವೊಂದು ಕೀಳೆಂದೆಣಿಸಲಾದ ಎರಡು ಜಾತಿಗಳ ಹೆಸರನ್ನು ಜನ್ಮದಿಂದ ಬಿಡಿಸಿ, ಕೊಲ್ಲುವ ಮತ್ತು ಹೊಲಸನ್ನುಣ್ಣುವ ಕ್ರಿಯೆಗೆ ಅಂಟಿಸುತ್ತದೆ. ಸಕಲರ ಹಿತ ಬಯಸುವವರನ್ನು ಕುಲಜರೆನ್ನುತ್ತದೆ. ಜನ್ಮದ ಮೇಲ್ಮೆಯನ್ನು ಮುರಿಯಲು ಹೂಡಿದ ವಾದವಿದು. ಆದರೂ ಆ ಹೆಸರುಗಳು ಬೈಗುಳದ ಸ್ಥಾನದಲ್ಲಿಯೇ ಉಳಿದವೆಂಬುದನ್ನು ಪ್ರಾಮಾಣಿಕ ವಾಚಕನು ಗಮನಿಸದಿರಲಾರ. ಆ ಹೆಸರುಗಳನ್ನು ಹೊತ್ತು ಬದುಕಿದವರ ಕಿವಿಗೆ ಈ ವಚನ ಹೇಗೆ ಕೇಳಿಸೀತೆಂದು ನಮ್ಮ ವ್ಯಾಖ್ಯಾನಗಳು ವಿಚಾರಿಸಿದ್ದು ವಿರಳ. ತರುವಾಯದವರು ವಾದವನ್ನೇ ತಿರುವುಮುರುವು ಮಾಡಿದರು: ನಡೆಯನ್ನು ನೋಡಿ ಕುಲವನ್ನು ಅಳೆ ಎಂದುದನ್ನು, ಊಟವನ್ನು ಕೇಳಿ ಜಾತಿಯನ್ನು ತಿಳಿ ಎಂದು ಓದಿಕೊಂಡರು. ಇಂದು ನಗರಗಳಲ್ಲಿ ಬಾಡಿಗೆಗೆ ಮನೆ ಕೊಡುವವರು, ನೀವು ಏನು ಉಣ್ಣುತ್ತೀರಿ ಎಂದು ಕೇಳುವಾಗ ಕುರಿಯ ಮೇಲಿನ ಕರುಣೆ ಅವರ ಮನಸ್ಸಿನಲ್ಲಿರುವುದು ಅಪರೂಪ. ಆ ಪ್ರಶ್ನೆಗೆ ವಚನವನ್ನು ಸಾಕ್ಷಿಗೆ ಕರೆಯುವುದು ಕಕ್ಕಯ್ಯನವರನ್ನೇ ಪಂಕ್ತಿಯಿಂದ ಎಬ್ಬಿಸಿದಂತೆ.

ಆಹಾರನಿಯಮದ ಚರ್ಚೆಯಲ್ಲಿ ಆಯ್ದಕ್ಕಿ ಲಕ್ಕಮ್ಮನವರ ಹೆಸರು ಬರುವುದು ಕಡಮೆ. ಬರಬೇಕಾದುದು ಅವರದೇ. ಗಂಡ ಮಾರಯ್ಯನವರು ಒಂದು ದಿನ ಬಸವಣ್ಣನವರ ಮನೆಯಂಗಳದಿಂದ ನಿತ್ಯದ ಅಳತೆಯನ್ನು ಮೀರಿ ಅಕ್ಕಿಯನ್ನು ಆಯ್ದು ತಂದರು. ಬಡವರ ಮನೆ, ನಾಳೆಗೂ ಆದೀತೆಂದು ಒಳಗಿಡಬಹುದಾಗಿತ್ತು. ಅಕ್ಕಿಯಲ್ಲಿ ಜೀವಹಿಂಸೆಯಿಲ್ಲ, ಮೈಲಿಗೆಯಿಲ್ಲ, ಕಾಯಕದಿಂದಲೇ ಬಂದುದು. ಆದರೂ ಲಕ್ಕಮ್ಮನವರು ಅದನ್ನು ಅಟ್ಟು ಬಡಿಸಲೊಪ್ಪಲಿಲ್ಲ. ತಮ್ಮ ಪಾಲಿಗೆ ಮೀರಿದುದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿರೆಂದು ಗಂಡನನ್ನು ಮರಳಿ ಕಳಿಸಿದರು.