ಯುದ್ಧಕ್ರೀಡೆಯ ಫಲನಿರ್ಣಯವೂ ಗದಾಯುದ್ಧದ ನಷ್ಟಸಹಿಷ್ಣುತೆಯೂ

ಭದ್ರಾವತಿಯ ಮಿತ್ರರೊಬ್ಬರ ಮನೆಯಲ್ಲಿ ವಿದ್ಯಾರ್ಥಿಗಳು ಯುದ್ಧಕ್ರೀಡೆಯೊಂದನ್ನು ಆಡುತ್ತಿದ್ದುದನ್ನು ಈಚೆಗೆ ನೋಡಿದೆವು. ನಕ್ಷೆಯ ಮೇಲೆ ಸೇನೆಯ ಕಾಯಿಗಳನ್ನು ನಡೆಯಿಸಿ, ದಾಳವನ್ನು ಉರುಳಿಸಿ, ಕೋಷ್ಟಕದಿಂದ ಕದನದ ಫಲವನ್ನು ಅರಿಯುವುದು ಇದರ ಕ್ರಮ. 1824ರಲ್ಲಿ ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸನು ಪ್ರಕಟಿಸಿದ ಕ್ರೀಡೆಯೂ, 1954ರಲ್ಲಿ ಅಮೆರಿಕದ ಚಾರ್ಲ್ಸ್ ರಾಬರ್ಟ್ಸನು ಹೊರತಂದ ‘ಟ್ಯಾಕ್ಟಿಕ್ಸ್’ ಎಂಬ ಆಟವೂ ಈ ಪರಂಪರೆಯಲ್ಲಿ ಮುಖ್ಯವಾದುವು. ಅಂದು ಕೋಷ್ಟಕದಲ್ಲಿ ‘ನಷ್ಟ’ವೆಂದು ಬರಲು, ಒಬ್ಬನು ಕಾಯನ್ನೇ ತೆಗೆದುಬಿಟ್ಟನು, ಇನ್ನೊಬ್ಬನು ಅದನ್ನು ಮಗುಚಿದರೆ ಸಾಕೆಂದು ವಾದಿಸಿದನು. ನಷ್ಟವನ್ನು ನಾಶವೆಂದು ಓದಿದುದೇ ಈ ಕಲಹಕ್ಕೆ ಮೂಲ. ನಮ್ಮ ವೀರಕಾವ್ಯಗಳನ್ನು ಪಾಠ ಹೇಳುವಾಗ ನಾವೂ ಇದೇ ತಪ್ಪನ್ನು ಮಾಡುತ್ತಿರುವೆವೆಂದು ತೋರುತ್ತದೆ.

ಇಂಥ ಆಟಗಳಲ್ಲಿ ಮೊದಲು ಉಭಯಬಲಗಳ ಅನುಪಾತವನ್ನು ನೋಡಿ, ಬಳಿಕ ದಾಳದಿಂದ ಫಲವನ್ನು ತಿಳಿಯತಕ್ಕದ್ದು. ಆ ಫಲವು ಮೂರು ಬಗೆ: ಬಲಕ್ಷಯ, ಹಿನ್ನಡೆ, ನಿರ್ಮೂಲ. ಬಲಕ್ಷಯವಾದ ಕಾಯಿ ಅರೆಶಕ್ತಿಯಿಂದ ನಿಂತೇ ಇರುತ್ತದೆ. ಕೆಲವು ಆಟಗಳಲ್ಲಿ ಪಡೆಯನ್ನು ಕಳೆದುಕೊಂಡು ನೆಲವನ್ನು ಉಳಿಸಿಕೊಳ್ಳುವುದೋ, ನೆಲವನ್ನು ಬಿಟ್ಟು ಪಡೆಯನ್ನು ಉಳಿಸಿಕೊಳ್ಳುವುದೋ ಎಂಬ ಆಯ್ಕೆ ಆಟಗಾರನದೇ. ಆದುದರಿಂದ ಎಷ್ಟು ನಷ್ಟವಾಯಿತೆಂಬುದಕ್ಕಿಂತ, ಯಾವುದಕ್ಕಾಗಿ ಎಷ್ಟನ್ನು ಸಹಿಸಲಾಯಿತೆಂಬುದೇ ವಿಚಾರಾರ್ಹ.

ಶಿವಮೊಗ್ಗೆಯ ಶಿವಪ್ಪನಾಯಕನ ಅರಮನೆಯಲ್ಲಿರುವ ವೀರಗಲ್ಲುಗಳನ್ನು ನೋಡಿದವರಿಗೆ ಈ ಮಾತು ಹೊಸದಲ್ಲ. ತುರುಗೋಳಿನ ಕಲ್ಲುಗಳ ಸಾಮಾನ್ಯಕ್ರಮದಲ್ಲಿ ಕೆಳಗೆ ಕದನ, ನಡುವೆ ಅಪ್ಸರೆಯರೊಡನೆ ವೀರನ ಊರ್ಧ್ವಗಮನ, ಮೇಲೆ ದೇವಸಾನ್ನಿಧ್ಯ. ತುರುಗಳು ಹಿಂದಿರುಗಿದುವು, ವೀರನು ಮಡಿದನು. ಲೆಕ್ಕದಲ್ಲಿ ಇದು ನಷ್ಟ. ಊರಿಗೆ ಇದು ಜಯ.

ಈಗ ರನ್ನನ ಗದಾಯುದ್ಧವನ್ನು ಪರಿಶೀಲಿಸೋಣ. ಒಂದು ಅಕ್ಷೌಹಿಣಿಗೆ ರಥಗಳು 21,870, ಆನೆಗಳು 21,870, ಕುದುರೆಗಳು 65,610, ಕಾಲಾಳುಗಳು 1,09,350. ಕೌರವರಿಗೆ ಇಂಥವು 11, ಪಾಂಡವರಿಗೆ 7. ಕೋಷ್ಟಕದ ನ್ಯಾಯದಿಂದ ಕೌರವರದೇ ಮೇಲುಗೈ. ಆದರೆ ಕಾವ್ಯವು ತೊಡಗುವ ಹೊತ್ತಿಗೆ ಆ ಬಲವೆಲ್ಲ ಅಳಿದಿದೆ. ದುರ್ಯೋಧನನು ಸಂಜಯನೊಡನೆ ರಣಭೂಮಿಯಲ್ಲಿ ನಡೆಯುತ್ತ ದ್ರೋಣನನ್ನು, ದುಶ್ಶಾಸನನನ್ನು, ಕರ್ಣನನ್ನು ಒಬ್ಬೊಬ್ಬರನ್ನಾಗಿ ಕಂಡು ಶೋಕಿಸುತ್ತಾನೆ. ಹಗೆಯ ಮಗನಾದ ಅಭಿಮನ್ಯುವಿನ ಶೌರ್ಯವನ್ನೂ ಕೊಂಡಾಡುತ್ತಾನೆ. ಅಕ್ಷೌಹಿಣಿಗಳ ಲೆಕ್ಕವು ಇಲ್ಲಿ ಮುಖಗಳಾಗಿ ಒಡೆದುಹೋಗಿದೆ. ಹೀಗಿದ್ದೂ ಆತನು ಭೀಷ್ಮನ ಸಂಧಿಯ ಮಾತನ್ನು ಒಪ್ಪುವುದಿಲ್ಲ. ಆ ಪಿತಾಮಹನ ಸೂಚನೆಯಂತೆ ವೈಶಂಪಾಯನ ಸರೋವರವನ್ನು ಹೊಗುತ್ತಾನೆ. ಇದು ಹಿನ್ನಡೆಯೇ ಹೊರತು ಸೋಲಲ್ಲ. ಭೀಮನ ಮೂದಲೆ ಕಿವಿಗೆ ಬಿದ್ದೊಡನೆ ಹೊರಬರುತ್ತಾನೆ. 11 ಅಕ್ಷೌಹಿಣಿಗಳ ನಷ್ಟವನ್ನು ಸಹಿಸಿದವನು ಒಂದು ಮೂದಲೆಯನ್ನು ಸಹಿಸಲಾರದೆ ಹೋದನು.

ಆಟಕ್ಕೂ ಕಾವ್ಯಕ್ಕೂ ಇರುವ ಭೇದವು ಇಲ್ಲಿಯೇ ವ್ಯಕ್ತವಾಗುತ್ತದೆ. ಆಟದಲ್ಲಿ ಸಹನೆಯ ಎಲ್ಲೆಯು ಆಡುವ ಮೊದಲೇ ಅಂಕೆಯಲ್ಲಿ ಬರೆದಿರುತ್ತದೆ. ಕಾವ್ಯದಲ್ಲಿ ಅದು ಸ್ವಭಾವದಲ್ಲಿದ್ದು, ಮುಟ್ಟಿದಾಗಲೇ ಗೋಚರಿಸುತ್ತದೆ. ದುರ್ಯೋಧನನನ್ನು ಸೋತವನೆಂದಷ್ಟೇ ಹೇಳಿ ಪಾಠವನ್ನು ಮುಗಿಸುವ ಅಧ್ಯಾಪಕರು, ಮಗುಚಬೇಕಾದ ಕಾಯನ್ನು ತೆಗೆದೆಸೆದ ಆ ಹುಡುಗನಂತೆಯೇ ಆತುರಪಡುತ್ತಾರೆ. ಛಲವೊಂದೇ ಉಳಿದ ಅರೆಬಲದ ಆ ಕಾಯಿ ಹೇಗೆ ನಿಂತಿತೆಂಬುದನ್ನು ತೋರಿಸುವುದೇ ರನ್ನನ ಉದ್ದೇಶ. ನಮ್ಮ ಪಾಠವೂ ಅಲ್ಲಿಂದಲೇ ಮೊದಲಾಗಬೇಕು.